ಐದನೆಯ ಸದ್ದು

ಬತ್ತಿಗೆ ಬೆಂಕಿ ಕೊಟ್ಟವನು ಓಡಬಾರದು, ನಡೆಯಬೇಕು. ಕಲ್ಲಿನ ಕೋರೆಯಲ್ಲಿ ನಾನು ಕಲಿತ ಮೊದಲ ಪಾಠ ಇದು. ಓಡುವವನು ಎಡವುತ್ತಾನೆ. ಎಡವಿದವನು ಏಳುವಷ್ಟರಲ್ಲಿ ಬಂಡೆ ಎದ್ದಿರುತ್ತದೆ. ಬೆನ್ನ ಹಿಂದೆ ಐದು ಬತ್ತಿಗಳು ಬುಸುಗುಡುತ್ತಿರುವಾಗ ಸಂತೆಗೆ ಹೊರಟವನ ಹಾಗೆ ನಡೆದು ಬರುವುದು ಎಷ್ಟು ಕಷ್ಟ ಎಂದು ನಡೆದವನಿಗೇ ಗೊತ್ತು. ನಾನು ಹದಿನಾಲ್ಕು ವರ್ಷ ನಡೆದಿದ್ದೇನೆ. ಒಂದು ದಿನವೂ ಹೆದರದೆ ನಡೆದದ್ದಿಲ್ಲ. ನನಗೆ ಹೆದರಿಕೆಯೇ ಇರಲಿಲ್ಲ ಎನ್ನುವ ಕೋರೆಯವನು ಸಿಕ್ಕಿದರೆ ತಿಳಿದುಕೊಳ್ಳಿ, ಅವನು ಕಲ್ಲು ಹೊತ್ತಿರಬಹುದು, ಬತ್ತಿ ಕೊಟ್ಟವನಲ್ಲ.

ಪಾಠ ಕಲಿಸಿದವರು ಕಾಕ. ಕನ್ಯಾನದ ಕಡೆಯ ಬ್ಯಾರಿ ಮುದುಕ, ಕೋರೆಗೆ ಎಲ್ಲರಿಗಿಂತ ಹಳಬರು. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಹೇಗೆ ಹೋಯಿತು ಎಂದು ಹೊಸಬರು ಕೇಳಿದರೆ, "ಎಣಿಸ್ಲಿಕ್ಕೆ ಎಂಟು ಸಾಕು ಮಾರಾಯ" ಎಂದು ನಗುತ್ತಿದ್ದರು. ನಗುವುದು ಮುಗಿದ ಮೇಲೆ ಆ ಕೈಯನ್ನು ಲುಂಗಿಯ ಮಡಿಕೆಯೊಳಗೆ ಹಾಕಿಕೊಳ್ಳುತ್ತಿದ್ದರು.

ನಾನು ಹುಟ್ಟಿದ್ದು ಮೂಡಬಿದ್ರೆಯ ಹತ್ತಿರ ಪುತ್ತಿಗೆಯಲ್ಲಿ. ಶಾಲೆ ನಾಲ್ಕನೆಯ ಕ್ಲಾಸಿಗೆ ಮುಗಿಯಿತು. ಬಿಟ್ಟದ್ದಕ್ಕೆ ನಾಚಿಕೆ ಇರಲಿಲ್ಲ. ಮಗ್ಗಿ ಹದಿನಾರರ ತನಕ ಬಾಯಿಪಾಠ ಬರುತ್ತಿತ್ತು, ಕನ್ನಡ ಪೇಪರು ಓದುತ್ತಿದ್ದೆ, ಸಹಿ ಹಾಕುತ್ತಿದ್ದೆ. ಮೀಸೆ ಬರುವ ಮೊದಲೇ ಬಂಟ್ವಾಳದ ಕಡೆಗೆ ಕೆಲಸ ಹುಡುಕಿಕೊಂಡು ಬಂದವನು, ಫರಂಗಿಪೇಟೆಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯ ಮೇಲ್ಗಡೆ ಒಂದು ಗುಡ್ಡದಲ್ಲಿ ನಿಂತೆ. ಗುಡ್ಡದ ಕೆಳಗೆ ರಸ್ತೆ, ರಸ್ತೆಯ ಕೆಳಗೆ ನೇತ್ರಾವತಿ. ಗುಡ್ಡದ ಹೊಟ್ಟೆಯೊಳಗೆ ಕರ್ಗಲ್ಲು, ಕಬ್ಬಿಣದಂತಹ ಕಪ್ಪು ಬಂಡೆ. ಅದನ್ನು ಒಡೆದು ಜಲ್ಲಿ ಮಾಡಿ ಲಾರಿಗೆ ತುಂಬಿಸುವುದು ನಮ್ಮ ಕೆಲಸ. ಗಂಡಸರು ಕುಳಿ ಕೊರೆದು ಮದ್ದು ಇಡುವುದು, ಹೆಂಗಸರು ಕೆಳಗೆ ಕೂತು ಸಣ್ಣ ಸುತ್ತಿಗೆಯಲ್ಲಿ ಜಲ್ಲಿ ಒಡೆಯುವುದು. ಆ ಹೆಂಗಸರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಈ ಕತೆಯ ಹೊತ್ತಿಗೆ ನಮ್ಮ ಮದುವೆಯಾಗಿ ಎರಡು ವರ್ಷವಾಗಿತ್ತು. ನಯಾಪೈಸೆ ಬಂದು ಊರಲ್ಲಿ ಇನ್ನೂ ಆಣೆಯ ಲೆಕ್ಕವೇ ಬಾಯಿಗೆ ಬರುತ್ತಿದ್ದ ಕಾಲ.

ಕೋರೆಯವರೆಂದರೆ ಆಗ ಊರವರಿಗೆ ಅಷ್ಟಕ್ಕಷ್ಟೆ. ರಸ್ತೆ ಬದಿಯ ಹೋಟೆಲಿಗೆ ನಾವು ಮೈತುಂಬ ಬಿಳಿ ಹುಡಿಯಾಗಿ ಹೊಕ್ಕರೆ ಬೆಂಚಿನ ಮೇಲೆ ಕೂತವರು ಪಂಚೆ ಎಳೆದುಕೊಳ್ಳುವರು. ಒಬ್ಬರು ಶಾಲೆ ಮಾಷ್ಟ್ರು ದಿನಾ ಅಲ್ಲಿ ಚಾ ಕುಡಿಯುತ್ತಿದ್ದರು.

"ಬಂದ್ರಪ್ಪ ಕೋರೆಯವ್ರು. ಗ್ಲಾಸು ಗಟ್ಟಿ ಹಿಡ್ಕೊಳ್ಳಿ, ಈಗ ಮೇಜು ನಡುಗ್ತದೆ" ಎಂದರು ಒಂದು ದಿನ.

ನನಗೆ ತಡೆಯಲಿಲ್ಲ. "ಮಾಷ್ಟ್ರೇ, ನೀವು ಕೂತ ಈ ಕಟ್ಟಡದ ಅಡಿಪಾಯ, ಈ ಪಂಚಾಂಗ ಎಂತದ್ದು? ನಾವು ತೆಗೆದ ಕಲ್ಲು. ಗೋಡೆಯ ಕೆಂಪು ಮುರಕಲ್ಲು ನೆಲದಿಂದ ತೆಗೆದದ್ದು. ಮಾಡಿನ ಹಂಚು ಗದ್ದೆಯ ಅಡಿಯ ಜೇಡಿಮಣ್ಣು. ನಿಮ್ಮ ಕೊಡೆಯ ಕಡ್ಡಿಯ ಕಬ್ಬಿಣ, ನಿಮ್ಮ ಲಾಟೀನಿನ ಎಣ್ಣೆ, ಎಲ್ಲ ಯಾರೋ ಎಲ್ಲೋ ನೆಲ ಅಗೆದು ತೆಗೆದದ್ದು. ಅಷ್ಟೂ ಬಿಡಿ, ನೀವು ಮಕ್ಕಳಿಗೆ ಅಕ್ಷರ ಕಲಿಸುದು ಎಂತದ್ರಲ್ಲಿ? ಸ್ಲೇಟೂ ಕಲ್ಲು, ಕಡ್ಡಿಯೂ ಕಲ್ಲು."

ಹೋಟೆಲಿನಲ್ಲಿ ನಗು. ಮಾಷ್ಟ್ರೂ ನಕ್ಕರು. "ನೀನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ಒಳ್ಳೇದಾಯ್ತು ಮಾರಾಯ. ಇನ್ನೂ ಎರಡು ವರ್ಷ ಕಲ್ತಿದ್ರೆ ನನ್ನ ಕೆಲ್ಸ ಹೋಗ್ತಿತ್ತು."

ನಾನು ತಮಾಷೆಗೆ ಹೇಳಿದ್ದಲ್ಲ. ಲಾರಿಯಲ್ಲಿ ಹೋದ ನಮ್ಮ ಜಲ್ಲಿ ಬೆಳ್ತಂಗಡಿ ರಸ್ತೆಗೆ ಬಿದ್ದು, ಮೇಲೆ ಟಾರು ಬಿದ್ದು, ಅದರ ಮೇಲೆ ಬಸ್ಸು ಹೋಗುವಾಗ ನಾನು ಕಿಟಕಿಯಿಂದ ಕೆಳಗೆ ನೋಡುತ್ತಿದ್ದೆ. ಈ ಬಸ್ಸಿನಲ್ಲಿ ಕೂತವರೆಲ್ಲ ಈಗ ನಮ್ಮ ಹೆಗಲ ಮೇಲೆ ಹೋಗುತ್ತಿದ್ದಾರೆ ಎನ್ನಿಸುತ್ತಿತ್ತು. ಹೇಳಿದರೆ ಅಹಂಕಾರ ಎನ್ನುತ್ತಾರೆ ಎಂದು ಹೇಳುತ್ತಿರಲಿಲ್ಲ.

ನಾನು ಹೇಳಹೊರಟಿರುವ ವರ್ಷ ಕೋರೆಯಲ್ಲಿ ಒಂದು ಅವಸರ ಇತ್ತು. ಬೆಳ್ತಂಗಡಿಯ ಆಚೆ ಒಂದು ತೋಡಿಗೆ, ಸಣ್ಣ ಹೊಳೆಗೆ, ಸಂಕ ಅಂದರೆ ಸೇತುವೆ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಆ ತೋಡು ತುಂಬಿದರೆ ಆಚೆಯವರು ಆಚೆ, ಈಚೆಯವರು ಈಚೆ. ನನ್ನ ಹೆಂಡತಿಯ ತವರು ಮನೆ ಆಚೆ ಬದಿಯಲ್ಲಿತ್ತು. ಅವಳ ಅಕ್ಕ ಹೆರಿಗೆ ನೋವಿನಲ್ಲಿ ಬಟ್ಟೆಯ ಜೋಲಿಯೊಳಗೆ ತೋಡಿನ ದಡದಲ್ಲಿ ಒಂದು ಹಗಲು ಕಾದು, ನೀರು ಇಳಿಯದೆ, ಹಿಂದೆ ಹೋಗಿ ತೀರಿಕೊಂಡಿದ್ದಳು. ಆ ಸಂಕದ ಕಂಬಗಳಿಗೂ ಎರಡು ಬದಿಯ ಏರಿಗೂ ಕಲ್ಲು ನಮ್ಮ ಕೋರೆಯದ್ದು. ಬೇಸಗೆ ಮುಗಿಯುವ ಪತ್ತನಾಜೆಯ ದಿನ ಕಳೆದರೆ ಮಳೆ ಯಾವಾಗ ಹಿಡಿಯುತ್ತದೋ ಗೊತ್ತಿಲ್ಲ, ಅಷ್ಟರೊಳಗೆ ಕಲ್ಲು ಮುಟ್ಟಬೇಕು. ಬೇರೆ ಹೆಂಗಸರಿಗೆ ಅದು ಕೂಲಿ ಕೆಲಸ. ನನ್ನವಳಿಗೆ ಹಾಗಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದಳು. ಒಂದು ದಿನ ಕೆಲಸ ನಿಂತರೆ ಮುಖ ಗಂಟು ಹಾಕುತ್ತಿದ್ದಳು.

ಇನ್ನು ಮದ್ದಿನ ಲೆಕ್ಕದ ವಿಷಯ. ಬಂಡೆಯಲ್ಲಿ ಗಟ್ಟಿ ಉಕ್ಕಿನ ಸರಳು ಬಡಿದು ಬಡಿದು, ನೀರು ಹೊಯ್ಯುತ್ತ, ಮೊಣಕೈ ಮುಳುಗುವಷ್ಟು ಆಳದ ಕುಳಿ ಕೊರೆಯುತ್ತಿದ್ದೆವು. ಕುಳಿಯೊಳಗೆ ಕಪ್ಪು ಮದ್ದು, ಬತ್ತಿ, ಮೇಲೆ ಜೇಡಿಮಣ್ಣು. ಮಣ್ಣನ್ನು ಮರದ ಕೋಲಿನಲ್ಲೇ ಒತ್ತಬೇಕು, ಕಬ್ಬಿಣ ತಾಗಿಸಬಾರದು. ಕಬ್ಬಿಣ ಕಲ್ಲಿಗೆ ತಾಗಿ ಒಂದು ಕಿಡಿ ಎದ್ದರೆ ಅಲ್ಲಿಗೆ ಮುಗಿಯಿತು. ಒಂದೊಂದು ಬತ್ತಿಯ ಉದ್ದ ಒಂದೊಂದು ಥರ, ಹಾಗಾಗಿ ಒಂದರ ಹಿಂದೆ ಒಂದು ಹಾರುತ್ತದೆ. ಎಷ್ಟು ಹಾರಿತು ಎಂದು ಎಣಿಸಲೇಬೇಕು. ಐದು ಕುಳಿ ಇಟ್ಟು ನಾಲ್ಕೇ ಹಾರಿದರೆ, ಉಳಿದ ಒಂದು ಪುಡಿಕಲ್ಲಿನ ಅಡಿಯಲ್ಲಿ ಕಣ್ಣಿಗೆ ಕಾಣದೆ ಕಾದಿರುತ್ತದೆ.

ಅದಕ್ಕೆ ಕಾಕ ಒಂದು ಕ್ರಮ ಮಾಡಿದ್ದರು. ಗಂಡಸರು ಗುಡ್ಡದ ಒಂದು ಬದಿಯ ಬಂಡೆಯ ಮರೆಯಲ್ಲಿ. ಹೆಂಗಸರು ಕೆಳಗೆ ಹೊಳೆಯ ಕಡೆ ಗೋಳಿಮರದ ಅಡಿಯಲ್ಲಿ. ರಸ್ತೆಯಲ್ಲಿ ಕೆಂಪು ಬಟ್ಟೆ ಹಿಡಿದು ಬಸ್ಸು ನಿಲ್ಲಿಸುವವನು ಒಬ್ಬ. ಮೂರು ಕಡೆಯವರೂ ಬೇರೆ ಬೇರೆ ಎಣಿಸಬೇಕು, ಕೊನೆಗೆ ಬಾಯಿಬಿಟ್ಟು ಹೇಳಬೇಕು. ಎಲ್ಲರ ಲೆಕ್ಕ ಒಂದೇ ಆದರೆ ಕೆಲಸ. ಒಬ್ಬನ ಲೆಕ್ಕ ತಪ್ಪಿದರೂ ಮರುದಿನ ಮಧ್ಯಾಹ್ನದ ತನಕ ಕೋರೆಗೆ ಯಾರೂ ಇಳಿಯಬಾರದು. ಆಮೇಲೆ ಕಾಕ ಒಬ್ಬರೇ ಹೋಗಿ ನೋಡುವುದು.

ಹಾಗಿರುವಾಗ ಒಂದು ದಿನ ಸಂಜೆ ಐದು ಗಂಟೆಯ ಹೊತ್ತಿಗೆ ಬತ್ತಿ ಕೊಟ್ಟವನು ನಾನು. ಐದು ಕುಳಿ. ಬೀಡಿಯ ತುದಿ ತಾಗಿಸಿ, ಐದನೆಯದ್ದೂ ಹಿಡಿದದ್ದು ನೋಡಿ, ನಡೆದು ಬಂದೆ. ಮರೆಗೆ ಬಂದು ಕಾಕನ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಒಂದು. ಎರಡು. ಮೂರು. ನಾಲ್ಕನೆಯದ್ದು ದೊಡ್ಡದು, ಮೇಲಿಂದ ಚೂರುಗಳು ಎಲೆಗಳ ಮೇಲೆ ಉದುರಿದ್ದು ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅಷ್ಟರಲ್ಲಿ ಐದನೆಯದ್ದು ಕೇಳಿಸಿತು. ಸಣ್ಣದು, ದೂರದಿಂದ ಬಂದ ಹಾಗೆ. ಕುಳಿ ಆಳ ಆಗಿತ್ತು, ಸದ್ದು ಒಳಗೇ ಉಳಿಯಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಬೇಕಿತ್ತು ನನಗೆ.

"ಐದು" ಎಂದೆ.

ಕಾಕ ಅಲ್ಲವೆಂದು ತಲೆ ಆಡಿಸಿದರು. "ನಾಲ್ಕು ಮೋನೆ." ಚಿಕ್ಕವರೆಲ್ಲ ಅವರಿಗೆ ಮೋನೆ, ಅಂದರೆ ಮಗ.

ಗೋಳಿಮರದ ಅಡಿಯಿಂದ ಹೆಂಗಸರು ಕೂಗಿದರು, "ಐದು, ಐದು!" ರಸ್ತೆಯಲ್ಲಿದ್ದವನನ್ನು ಕೇಳಿದರೆ ಅವನು ಬಸ್ಸಿನ ಡ್ರೈವರನ ಹತ್ತಿರ ಪಟ್ಟಾಂಗ ಹೊಡೆಯುತ್ತಿದ್ದನಂತೆ. "ಹೆಂಗಸರು ಐದು ಅಂದ್ರಲ್ಲ, ನನ್ನದೂ ಐದೇ ಬರ್ಕೊಳ್ಳಿ" ಎಂದ.

"ನಾಲ್ಕೇ" ಎಂದರು ಕಾಕ ಮತ್ತೆ. "ನಾನು ಕಿವಿಯಲ್ಲಿ ಎಣಿಸುದಲ್ಲ, ಕಾಲಲ್ಲಿ. ಬಂಡೆಯ ಮೇಲೆ ಬರಿಗಾಲು ಇಟ್ರೆ ಗೊತ್ತಾಗ್ತದೆ. ಐದನೆಯದ್ದು ಕಾಲಿಗೆ ಬರ್ಲಿಲ್ಲ."

ಆಗ ಸುಮ್ಮನೆ ಇದ್ದಿದ್ದರೆ ಕ್ರಮದಂತೆ ಕೋರೆ ಮುಚ್ಚುತ್ತಿತ್ತು. ಒಂದು ದಿನ ಹೋಗುತ್ತಿತ್ತು, ಅಷ್ಟೆ. ಆದರೆ ಬತ್ತಿ ಕೊಟ್ಟವನು ನಾನು. ನಾನು ಇಟ್ಟ ಕುಳಿ ಹಾರಲಿಲ್ಲ ಎಂದರೆ ನನ್ನ ಕೆಲಸ ಸರಿ ಇಲ್ಲ ಎಂದು ಅರ್ಥ. ಹದಿನಾರರ ಮಗ್ಗಿ ಬಲ್ಲವನಿಗೆ ಐದರ ತನಕ ಎಣಿಸಲು ಬರುವುದಿಲ್ಲವೇ?

"ಕಾಕ, ನಿಮ್ಮ ಕಿವಿಯಲ್ಲಿ ನಲ್ವತ್ತು ವರ್ಷದ ಮದ್ದಿನ ಹೊಗೆ ತುಂಬಿದೆ. ನೆಲದಿಂದ ಕೇಳುದು ಹಾವು ಮಾತ್ರ" ಎಂದೆ.

ಎಲ್ಲರೂ ನಕ್ಕರು. ಒಬ್ಬ, "ಹಾಗಾದ್ರೆ ಕಾಕ ಚಾ ಕುಡಿಯುದೂ ಕಾಲಲ್ಲೇ" ಎಂದು ಸೇರಿಸಿದ. ಕಾಕ ನಗಲಿಲ್ಲ. ಅವರ ಕಿವಿ ಮಂದವಾಗುತ್ತ ಬಂದದ್ದು ನಿಜ, ಅದು ದಣಿಗಳಿಗೆ ತಿಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆಯೂ ಅವರಿಗೆ ಇತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದ್ದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿ, "ಆಯ್ತು ಮೋನೆ, ಲೆಕ್ಕ ನಿಂದು" ಎಂದು ಟವೆಲು ಕೊಡವಿ ಎದ್ದುಹೋದರು. ಕೆಲಸ ಬಿಡುವ ಹೊತ್ತಾಗಿತ್ತು, ಆ ದಿನ ಯಾರೂ ಕೋರೆಗೆ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು ಏರುವ ಮೊದಲು ಹೆಂಗಸರು ಕೆಲಸಕ್ಕೆ ಹೋದರು. ಗಂಡಸರ ಕೆಲಸ ಎಂಟಕ್ಕೆ. ನಾನು ಹೋಟೆಲಿಗೆ ಹೋಗಿ ಚಾ ಹೇಳಿ ಕೂತೆ. ಹೊಳೆ ದಾಟಿಸುವ ದೋಣಿಯವನು ಆಗಲೇ ಬಂದು ಎದುರಿನ ಬೆಂಚಿನಲ್ಲಿ ಕೂತಿದ್ದ, ಕಣ್ಣು ಕೆಂಪಾಗಿತ್ತು.

"ಎಂತ, ನಿದ್ರೆ ಇಲ್ವಾ?" ಎಂದರು ಹೋಟೆಲಿನವರು.

"ಎಲ್ಲಿಯ ನಿದ್ರೆ? ಆಚೆ ದಡದಲ್ಲಿ ಕ್ರಿಸ್ತಾನ ಪುರ್ಬುಗಳ ಮದುವೆ ಅಲ್ವಾ, ನಿನ್ನೆ ರೋಸಿನ ಶಾಸ್ತ್ರ. ಹುಡುಗಿಗೆ ತೆಂಗಿನ ಹಾಲು ಹಚ್ಚಿದ್ದೂ ಹಚ್ಚಿದ್ದೇ, ಜನ ದಾಟಿಸಿದ್ದೂ ದಾಟಿಸಿದ್ದೇ. ನನ್ನ ರಟ್ಟೆ ಹೋಯ್ತು."

"ಪಟಾಕಿ ಗರ್ನಾಲು ಎಲ್ಲ ಜೋರಾ?"

"ಆ ಕತೆ ಕೇಳ್ಬೇಡಿ. ಹುಡುಗಿಯ ಮಾವ ಮೂರು ಗರ್ನಾಲು ತಂದದ್ದು. ಐದು ಗಂಟೆಗೆ ಹಾಲು ಹಚ್ಚುವಾಗ ಬೆಂಕಿ ಕೊಟ್ರು. ಎರಡು ಥಂಡಿ ಹಿಡಿದು ಕೂತಿತ್ತು. ಒಂದೇ ಒಂದು ಹಾರಿತು, ಅದೂ ಮುದುಕ ಕೆಮ್ಮಿದ ಹಾಗೆ. ಮಾವನಿಗೆ ಮುಖ ಇಲ್ಲ. ಆದ್ರೆ ಅದೇ ಹೊತ್ತಿಗೆ ಇವರ ಕೋರೆಯದ್ದು ಢಂ ಢಂ ಅಂತ ಹಾರ್ತಾ ಇತ್ತು ನೋಡಿ." ಅವನು ನನ್ನ ಕಡೆ ಕೈ ಮಾಡಿದ. "ಮದುವೆ ಮನೆಯವ್ರು ಬಿದ್ದು ಬಿದ್ದು ನಗುದು. ನಾಲ್ಕು ಕೋರೆಯವ್ರ ಉಡುಗೊರೆ, ಒಂದು ಮಾವನದ್ದು, ಒಟ್ಟು ಐದು ಗರ್ನಾಲು ಆಯ್ತು ಅಂತ. ನಿಮ್ಗೆ ಊಟಕ್ಕೆ ಹೇಳ್ಬೇಕಿತ್ತು ಮಾರಾಯ!"

ಹೋಟೆಲಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಗ್ಲಾಸು ಬೆಂಚಿನ ಮೇಲೆ ಇಟ್ಟೆ.

ನಾಲ್ಕು ಕೋರೆಯವರದ್ದು.

ನಾನು ಓಡಿದೆ. ಹೋಟೆಲಿನಿಂದ ಕೋರೆಗೆ ಅರ್ಧ ಮೈಲು, ಕೊನೆಯದು ಏರು. ಎಡವಿ ಒಂದು ಸಲ ಬಿದ್ದೆ, ಮೊಣಕಾಲಿನ ಚರ್ಮ ಕಿತ್ತುಹೋಯಿತು. ಏರಿನ ಅರ್ಧಕ್ಕೆ ಬಂದಾಗ ಸುತ್ತಿಗೆಗಳ ಸದ್ದು ಕೇಳಿಸಿತು. ಟಣ್, ಟಣ್, ಟಣ್. ಒಂಬತ್ತು ಹೆಂಗಸರ ಒಂಬತ್ತು ಸುತ್ತಿಗೆ. ಅಷ್ಟು ವರ್ಷ ಆ ಸದ್ದು ಕೇಳಿದವನು ನಾನು, ಅದು ನನಗೆ ಗಾಳಿಯ ಹಾಗೆ, ಕಿವಿಗೇ ಬೀಳುತ್ತಿರಲಿಲ್ಲ. ಆ ದಿನ ಒಂದೊಂದು ಪೆಟ್ಟೂ ನನ್ನ ಎದೆಗೂಡಿಗೆ ಬಿತ್ತು. ಕಬ್ಬಿಣ ಕಲ್ಲಿಗೆ, ಕಬ್ಬಿಣ ಕಲ್ಲಿಗೆ. ಇದೇ ಪೆಟ್ಟು ಕೊನೆಯದ್ದಾ, ಇದಾ, ಇದಾ? ಮಧ್ಯೆ ಒಮ್ಮೆ ಸದ್ದು ಅರೆಕ್ಷಣ ನಿಂತಿತು. ನನ್ನ ಕಾಲೂ ನಿಂತಿತು. ಮತ್ತೆ ಸದ್ದು ಶುರುವಾದ ಮೇಲೆಯೇ ಉಸಿರು ಬಂದದ್ದು.

ಬೊಬ್ಬೆ ಹಾಕಲು ಬಾಯಿ ತೆರೆದೆ, ಹಾಕಲಿಲ್ಲ. ಕೂಗಿದರೆ ಹೆಂಗಸರು ಗಾಬರಿಯಾಗಿ ದಡಬಡ ಏಳುತ್ತಾರೆ, ಕಾಲಡಿಯ ಕಲ್ಲು ಜಾರುತ್ತದೆ, ಸುತ್ತಿಗೆಗಳನ್ನು ಎಲ್ಲೆಂದರಲ್ಲಿ ಎಸೆಯುತ್ತಾರೆ. ಕೋರೆಯ ಬಾಯಿಗೆ ಬಂದ ಮೇಲೆ ಓಟ ನಿಲ್ಲಿಸಿ ನಡೆದೆ.

ಎಂಟು ಹೆಂಗಸರು ಈಚೆ ಬದಿಯಲ್ಲಿ ಸಾಲಾಗಿ ಕೂತಿದ್ದರು. ಆಚೆ ಮೂಲೆಯಲ್ಲಿ, ಐದನೆಯ ಕುಳಿ ಇದ್ದ ಜಾಗದಲ್ಲಿ, ಪುಡಿಕಲ್ಲಿನ ರಾಶಿಯ ಮೇಲೆ ನನ್ನ ಹೆಂಡತಿ ಒಬ್ಬಳೇ. ಅವಳ ಎದುರು ಕಾಕ ನಿಂತಿದ್ದರು. ಕಾಕ ಸೂರ್ಯ ಹುಟ್ಟುವ ಮೊದಲೇ ಬಂದು ಆ ರಾಶಿಯ ಮೇಲೆ ಕೂತಿದ್ದರಂತೆ. ಯಾರನ್ನೂ ಆ ಕಡೆ ಬರಲು ಬಿಡಲಿಲ್ಲವಂತೆ. ಕಾರಣ ಹೇಳಲಿಲ್ಲ. ಬಾಯಾರಿ ನೀರು ಕುಡಿಯಲು ಹೊಳೆಗೆ ಹೋಗಿ ಬರುವಷ್ಟರಲ್ಲಿ ಇವಳು ಬುಟ್ಟಿ ತೆಗೆದುಕೊಂಡು ಹೋಗಿ ಕೂತಿದ್ದಳು.

"ಏಳು ಮಗಳೇ. ಈ ಮೂಲೆ ಇವತ್ತು ಬೇಡ" ಎನ್ನುತ್ತಿದ್ದರು ಕಾಕ.

"ಯಾಕೆ ಬೇಡ? ಒಳ್ಳೆ ಕಲ್ಲೆಲ್ಲ ಇಲ್ಲೇ ಬಿದ್ದದ್ದು. ಮಳೆ ಬರುವ ಮೊದ್ಲು ಲಾರಿ ತುಂಬ್ಬೇಕಲ್ಲ, ನೀವು ತುಂಬಿಸ್ತೀರಾ?"

"ನನ್ನ ಮಾತು ಕೇಳು."

"ನಿನ್ನೆ ಎಲ್ಲರ ಎದುರು ಆಯ್ತಲ್ಲ ಕಾಕ ಲೆಕ್ಕ. ಐದೂ ಹಾರಿದೆ ಅಂತ ನಮ್ಮವರೇ ಹೇಳಿದ್ದು. ಬತ್ತಿ ಕೊಟ್ಟವರಿಗಿಂತ ನಿಮ್ಗೆ ಹೆಚ್ಚು ಗೊತ್ತುಂಟಾ?"

ಹಾಗೆ ಹೇಳಿ ಅವಳು ಸುತ್ತಿಗೆ ಎತ್ತಿದಳು.

ನನ್ನ ಮೇಲಿನ ನಂಬಿಕೆಯಿಂದ ಅವಳು ಅಲ್ಲಿ ಕೂತಿದ್ದಳು. ಕೋರೆಯಲ್ಲಿ ಹಿಂದೆಯೂ ಮುಂದೆಯೂ ಅನೇಕ ಸಲ ಹೆದರಿದ್ದೇನೆ. ಆ ಎತ್ತಿದ ಸುತ್ತಿಗೆಯನ್ನು ನೋಡಿದಾಗ ಆದ ಹಾಗೆ ಇನ್ನೊಮ್ಮೆ ಆದದ್ದಿಲ್ಲ.

"ನಾಲ್ಕು" ಎಂದೆ. ಎರಡನೆಯ ಸಲ ಹೇಳಿದೆ. "ನಾಲ್ಕು. ನಾಲ್ಕೇ ಹಾರಿದ್ದು. ಐದನೆಯದ್ದು ಮದುವೆ ಮನೆಯ ಗರ್ನಾಲು. ಕಾಕ ಹೇಳಿದ್ದೇ ಸರಿ."

ಸುತ್ತಿಗೆಗಳೆಲ್ಲ ನಿಂತವು. ಅವಳ ಕೈ ಮೇಲೆಯೇ ಇತ್ತು.

"ಕೆಳಗೆ ಇಡು. ಕಲ್ಲಿನ ಮೇಲೆ ಅಲ್ಲ, ಮಡಿಲಿಗೆ. ನಿಧಾನ."

ಅವಳು ಸುತ್ತಿಗೆಯನ್ನು ಮಗುವನ್ನು ಇಳಿಸಿದ ಹಾಗೆ ಮಡಿಲಿಗೆ ಇಳಿಸಿದಳು. ನನ್ನನ್ನು ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಯಾರೋ ಗುರುತಿಲ್ಲದವನನ್ನು ನೋಡುವ ಹಾಗೆ ನೋಡಿದಳು. ಕಾಕ ಕೈ ಚಾಚಿದರು, ಮೂರು ಬೆರಳಿನ ಆ ಎಡಗೈಯನ್ನೇ. ಅದನ್ನು ಹಿಡಿದು ಎದ್ದು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ರಾಶಿಯಿಂದ ಇಳಿದಳು. "ಓಡ್ಬೇಡಿ, ನಡೀರಿ, ನಡೀರಿ" ಎಂದು ಕಾಕ ಹೇಳುತ್ತ ಹೇಳುತ್ತ ಒಂಬತ್ತು ಹೆಂಗಸರನ್ನೂ ಗೋಳಿಮರದ ಅಡಿಗೆ ದಾಟಿಸಿದರು.

ಆಮೇಲೆ ಕೋರೆಯಲ್ಲಿ ಉಳಿದವರು ನಾವಿಬ್ಬರೇ.

"ನೀವು ಹೋಗಿ ಕಾಕ. ಇಟ್ಟವನು ನಾನು, ತೆಗೆಯುದೂ ನಾನೇ" ಎಂದೆ.

"ನಿಂಗೆ ತೆಗೆಯುದು ಎಲ್ಲಿ ಗೊತ್ತುಂಟು? ಇಡುದು ಮಾತ್ರ ಗೊತ್ತುಂಟು. ಕೂತ್ಕೊ."

ಕ್ರಮದಂತೆ ಮಧ್ಯಾಹ್ನದ ತನಕ ಕಾದು, ರಾಶಿಯ ಕಲ್ಲುಗಳನ್ನು ಒಂದೊಂದಾಗಿ ಬರಿಗೈಯಲ್ಲಿ ಎತ್ತಿದೆವು. ಎಳೆಯಬಾರದು, ಉರುಳಿಸಬಾರದು. ಎತ್ತಿ, ತಿರುಗಿ, ಹಿಂದೆ ಇಡಬೇಕು. ಬಿಸಿಲು ನೆತ್ತಿಯ ಮೇಲಿತ್ತು. ಮೂಗಿನಿಂದ ಬೆವರು ಕಲ್ಲಿನ ಮೇಲೆ ಬಿದ್ದರೂ ಬೆಚ್ಚುತ್ತಿದ್ದೆ. ಎಷ್ಟು ಕಲ್ಲು ಎತ್ತಿದೆವೋ, ಕೊನೆಗೆ ಬತ್ತಿಯ ತುದಿ ಕಂಡಿತು. ನಾಲ್ಕನೆಯ ಕುಳಿಯಿಂದ ಹಾರಿದ ಒಂದು ಚಪ್ಪಟೆ ಕಲ್ಲು ಸರಿಯಾಗಿ ಅದರ ಮೇಲೆ ಬಿದ್ದು ಜಜ್ಜಿಹಾಕಿತ್ತು. ಮೇಲಿನ ತುಂಡು ಬೂದಿ. ಕೆಳಗಿನ ತುಂಡು, ಒಂದು ಗೇಣು, ಮಣ್ಣಿನೊಳಗೆ ಹೋಗಿತ್ತು. ಕಾಕ ಬಾಗಿ ಮೂಗು ಹತ್ತಿರ ತಂದು ಮೂಸಿದರು. ಒಳಗೆ ಹತ್ತಿಯ ನೂಲು ಹೊಗೆಯಾಡುತ್ತಿದ್ದರೆ ಒಂದು ದಿನ ಕಳೆದ ಮೇಲೂ ಹಾರಬಹುದು, ಹಾಗೆ ಆದದ್ದುಂಟು. ಅವರು ಮೂಸುವಷ್ಟು ಹೊತ್ತು ನಾನು ಅವರ ಬೋಳು ನೆತ್ತಿಯನ್ನೇ ನೋಡುತ್ತಿದ್ದೆ. ನಿನ್ನೆ ನಾನು ಎಲ್ಲರನ್ನೂ ನಗಿಸಿದ್ದು ಈ ತಲೆಯನ್ನು ನೋಡಿ.

"ನೀರು" ಎಂದರು.

ಕುಳಿ ಕೊರೆಯಲು ತಂದಿಟ್ಟಿದ್ದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟೆವು. ಮಣ್ಣು ನೀರು ಕುಡಿಯಿತು. ಮತ್ತೆ ಬಿಟ್ಟೆವು. ಹೆಂಗಸರು ಹೊಳೆಯಿಂದ ಕೊಡ ತುಂಬಿಸಿ ಕೋರೆಯ ಬಾಯಿಯ ತನಕ ತಂದು ಇಟ್ಟು ಹಿಂದೆ ಹೋಗುತ್ತಿದ್ದರು, ನಾನು ಹೋಗಿ ಎತ್ತಿಕೊಂಡು ಬರುತ್ತಿದ್ದೆ. ಮಣ್ಣು ಮೆತ್ತಗಾದ ಮೇಲೆ ಕಾಕ ಬಿದಿರಿನ ಸೀಳು ನನ್ನ ಕೈಗೆ ಕೊಟ್ಟರು. ಕೆರೆದು ತೆಗೆಯಬೇಕು. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಬಿದಿರು ಕುಳಿಯ ಅಂಚಿಗೆ ಟಕಟಕ ಬಡಿಯಿತು.

"ಇದು ಆಗುದಿಲ್ಲ ಕಾಕ, ಕೈ ನಡುಗ್ತದೆ."

"ನಡುಗ್ಲಿ. ಬಿದಿರಿಗೆ ಕಿಡಿ ಇಲ್ಲ. ನಂದೂ ನಡುಗ್ತದೆ, ನೋಡು."

ನೋಡಿದೆ. ನಿಜವಾಗಿಯೂ ಅವರ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು. ನಲವತ್ತು ವರ್ಷ ಕೋರೆಯಲ್ಲಿ ಬದುಕಿದ ಮನುಷ್ಯನ ಕೈ. ಅದನ್ನು ಕಂಡು ನನಗೆ ಧೈರ್ಯ ಬರಲಿಲ್ಲ, ಇನ್ನಷ್ಟು ಹೆದರಿಕೆಯಾಯಿತು. ಆದರೆ ಕೆರೆಯುವುದನ್ನು ನಿಲ್ಲಿಸಲಿಲ್ಲ. ಮಣ್ಣು ಬಂತು, ಆಮೇಲೆ ಬತ್ತಿ ಬಂತು, ಕೊನೆಗೆ ಕಪ್ಪು ಕೆಸರಿನಂತೆ ಮದ್ದು ಬಂತು. ನೀರು ಕುಡಿದ ಮದ್ದು ಬರೀ ಮಸಿ. ಪೂರ್ತಿ ತೆಗೆದು, ಕುಳಿಗೆ ನೀರು ತುಂಬಿಸಿ ಬಿಟ್ಟೆವು. ಕಾಕ ಅಲ್ಲೇ ಅಂಗಾತ ಮಲಗಿ ಟವೆಲು ಮುಖದ ಮೇಲೆ ಎಳೆದುಕೊಂಡರು. ಟವೆಲಿನ ಅಡಿಯಿಂದ ಹೇಳಿದರು, "ನಿನ್ನೆ ನಾನು ಗಟ್ಟಿ ಹೇಳ್ಬೇಕಿತ್ತು. ನಿಂಗೆ ಹೆದರಿ ಸುಮ್ಮನಾದೆ ಮೋನೆ. ಮದ್ದಿಗೆ ಹೆದರ್ಬೇಕಾದವ ಮನುಷ್ಯನಿಗೆ ಹೆದರಿದೆ."

ಚಿಪ್ಪಿನಲ್ಲಿ ಉಳಿದಿದ್ದ ನೀರನ್ನು ಅವರ ಕೈಯ ಹತ್ತಿರ ಇಟ್ಟು ಎದ್ದೆ.

ಗೋಳಿಮರದ ಅಡಿಗೆ ಹೋಗಿ ಇನ್ನು ಬರಬಹುದು ಎಂದೆ. ಯಾರೂ ಏಳಲಿಲ್ಲ. ಹೆಂಗಸರಲ್ಲಿ ಹಿರಿಯವಳು, ಬಾಯಿ ಜೋರಿನ ಅಕ್ಕ, ಎಲೆಅಡಿಕೆ ಉಗಿದು ಹೇಳಿದಳು:

"ನಿನ್ನೆಯೂ ನೀನೇ ಬರ್ಬಹುದು ಅಂದದ್ದು ತಮ್ಮ."

"ಕಾಕನನ್ನೇ ಕೇಳಿ, ಪೂರ್ತಿ ತೆಗೆದಿದ್ದೇವೆ."

"ಕಾಕನ ಮಾತು ನಮ್ಗೆ ಆಗ್ತದೆ. ನಿಂದೇ ಆಗುದಿಲ್ಲ. ಒಂದು ಕೆಲ್ಸ ಮಾಡು. ನಿನ್ನ ಹೆಂಡ್ತಿ ಕೂತ ಜಾಗದಲ್ಲಿ ನೀನು ಕೂತ್ಕೊ. ಅವಳ ಸುತ್ತಿಗೆ ತಕೊ. ಬೈಗಿನ ತನಕ ಜಲ್ಲಿ ಒಡಿ. ನಾವು ಇಲ್ಲಿಂದ ನೋಡ್ತೇವೆ. ನೀನು ಉಳಿದ್ರೆ ನಾಳೆ ನಾವು ಬರ್ತೇವೆ."

ಬೇರೆ ಗಂಡಸರೂ ಅಷ್ಟರಲ್ಲಿ ಬಂದಿದ್ದರು. ಗಂಡಸು ಜಲ್ಲಿಗೆ ಕೂರುವುದು ಕೋರೆಯಲ್ಲಿ ಇರಲಿಲ್ಲ, ಕೂತರೆ ಕೈಲಾಗದವನು ಎಂದು ಅರ್ಥ. ಯಾರೂ ನಗಲಿಲ್ಲ ಮಾತ್ರ. ನನ್ನ ಹೆಂಡತಿ ಸುತ್ತಿಗೆಯ ಹಿಡಿಯನ್ನು ನನ್ನ ಕಡೆ ಚಾಚಿದಳು.

ಹೋಗಿ ಕೂತೆ. ನೀರು ತುಂಬಿದ ಕುಳಿ ನನ್ನ ಬಲಗಾಲಿನ ಪಕ್ಕದಲ್ಲೇ ಇತ್ತು. ಮದ್ದು ಪೂರ್ತಿ ಬಂದಿದೆ ಎಂದು ನನ್ನ ಕಣ್ಣಾರೆ ನೋಡಿದ್ದೆ. ಆದರೂ ಮೊದಲ ಪೆಟ್ಟಿಗೆ ಕೈ ಎತ್ತಿ ಹಾಗೇ ಕೂತುಬಿಟ್ಟೆ. ಬಂಡೆಯ ಬಿರುಕಿನಲ್ಲಿ ಒಂದು ಚಿಟಿಕೆ ಉಳಿದಿದ್ದರೆ? ನಿನ್ನೆ ಐದು ಎಂದು ಹೇಳುವಾಗಲೂ ನಾನು ಇಷ್ಟೇ ಖಚಿತವಾಗಿ ಇದ್ದೆನಲ್ಲ. ಮೊದಲ ಪೆಟ್ಟು ಕಣ್ಣು ಮುಚ್ಚಿ ಹೊಡೆದೆ. ಕಲ್ಲಿಗೆ ಬೀಳದೆ ಹೆಬ್ಬೆರಳಿಗೆ ಬಿತ್ತು. ಎರಡನೆಯದಕ್ಕೆ ಕಲ್ಲು ಒಡೆಯಿತು. ಹಾಗೆ ಬೈಗಿನ ತನಕ. ಪ್ರತಿ ಪೆಟ್ಟಿಗೂ ಮೈ ಜುಮ್ಮೆನ್ನುತ್ತಿತ್ತು. ನೂರು ಪೆಟ್ಟಿನ ಮೇಲೆ ಅಭ್ಯಾಸವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಈ ಹೆಂಗಸರು ವರ್ಷಗಟ್ಟಲೆ ನಮ್ಮ ಲೆಕ್ಕವನ್ನು ನಂಬಿ ಇಲ್ಲಿ ಕೂತು ಸುತ್ತಿಗೆ ಎತ್ತುತ್ತಿದ್ದರು. ಬತ್ತಿ ಕೊಟ್ಟು ನಡೆದು ಬಂದ ನಾನು ಅದನ್ನೇ ದೊಡ್ಡ ಧೈರ್ಯ ಎಂದು ಮೀಸೆ ತಿರುವಿದ್ದೆ.

ಬೈಗಾದಾಗ ನನ್ನ ಹೆಂಡತಿ ಕೋರೆಗೆ ಇಳಿದು ಬಂದಳು. ಬೇರೆ ಯಾರೂ ಬರಲಿಲ್ಲ. ನನ್ನ ಮುಂದಿನ ಜಲ್ಲಿಯ ಸಣ್ಣ ಗುಪ್ಪೆಯಿಂದ ಎರಡು ತುಂಡು ಎತ್ತಿ, ಅಳತೆಯ ಕಬ್ಬಿಣದ ಬಳೆಯೊಳಗೆ ಹಾಕಿ ನೋಡಿದಳು. ಒಂದು ಹೋಗಲಿಲ್ಲ, ಇನ್ನೊಂದೂ ಹೋಗಲಿಲ್ಲ.

"ಎಲ್ಲ ದೊಡ್ಡದಾಯ್ತು. ಸಂಕಕ್ಕೆ ಇದು ಪಾಸಾಗುದಿಲ್ಲ" ಎಂದಳು. ಆ ದಿನ ಬೆಳಿಗ್ಗೆಯ ನಂತರ ಅವಳು ನನಗೆ ಹೇಳಿದ ಮೊದಲ ಮಾತು ಅದು. "ನಾಳೆ ಇದನ್ನೇ ಪುನಃ ಒಡೀಬೇಕು. ನಾನು ಇಲ್ಲೇ ಕೂತ್ಕೊಳ್ತೇನೆ."

"ಇಲ್ಲಿ ಬೇಡ. ಆಚೆ ಬದಿಯಲ್ಲಿ ಕೂತ್ಕೊ."

"ಯಾಕೆ? ಪೂರ್ತಿ ತೆಗೆದದ್ದು ಹೌದಾ ಅಲ್ವಾ?"

ಕುಳಿಯೊಳಗೆ ಕೈ ಹಾಕಿ, ನೀರಿನಲ್ಲಿ ಬೆರಳುಗಳಿಂದ ಅಡಿಯ ತನಕ, ಸುತ್ತಲೂ, ಇನ್ನೊಮ್ಮೆ ತಡವಿ ನೋಡಿದೆ. ಬರೀ ಕಲ್ಲು ಸಿಕ್ಕಿತು. ಕಾಕನನ್ನೂ ಕರೆದೆ. ಅವರೂ ಬಂದು ಮೊಣಕೈ ತನಕ ಕೈ ಹಾಕಿ ತಡವಿದರು.

"ಹೌದು" ಎಂದೆವು, ಇಬ್ಬರೂ.

ಮರುದಿನ ಬೆಳಿಗ್ಗೆ ನಾನು ಹೋಟೆಲಿಗೆ ಹೋಗಲಿಲ್ಲ. ಅವಳ ಹಿಂದೆಯೇ ಗುಡ್ಡ ಹತ್ತಿದೆ. ಅವಳು ಬುಟ್ಟಿ ಕವುಚಿ ಹಾಕಿ ಅದೇ ಮೂಲೆಯಲ್ಲಿ ಕೂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನಾನು ಒಡೆದ ದೊಡ್ಡ ತುಂಡೊಂದನ್ನು ಎಡಗೈಯಲ್ಲಿ ಹಿಡಿದಳು. ಉಳಿದ ಎಂಟು ಹೆಂಗಸರು ಕೋರೆಯ ಬಾಯಿಯಲ್ಲಿ ಬುಟ್ಟಿ ಹಿಡಿದು ನಿಂತಿದ್ದರು. ನನ್ನ ಕಾಲು ಹಿಂದೆ ಹೋಗಲು ಬಯಸಿತು. ಹೋಗಲು ಬಿಡದೆ ಅವಳ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತೆ. ಅವಳು ಸುತ್ತಿಗೆ ಎತ್ತಿದಳು.

ಕಲ್ಲು ಎರಡು ತುಂಡಾಯಿತು. ಅವಳು ಒಂದನ್ನು ಬಳೆಯೊಳಗೆ ತೂರಿಸಿದಳು. ಹೋಯಿತು.

"ಸರ್ಕೊಳ್ಳಿ ಸ್ವಲ್ಪ" ಎಂದಳು. "ಕೈ ಬೀಸ್ಲಿಕ್ಕೆ ಜಾಗ ಬೇಡ್ವಾ?"